ಅವ್ವನ ಸೀರೆಯ ಕೆಂಪು

ಈ ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಬಂದ ಮೊಮ್ಮಗಳು ನಮ್ಮ ರಾಯಚೂರಿನ ಮನೆಯ ಪಡಸಾಲೆಯಲ್ಲಿ ನಿಂತು ಗೋಡೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ತಾತ, ಮುತ್ತಜ್ಜಿ ಹಣಿಗೆ ಕುಂಕುಮ ಯಾಕಿಲ್ಲ?"

ನಾನು ಪೇಪರಿನಿಂದ ತಲೆ ಎತ್ತದೆ, "ಅದವ್ವ, ಸರಿಯಾಗಿ ನೋಡು" ಅಂದೆ. ಆಕೆ ಸುಮ್ಮನೆ ನಿಂತಿದ್ದಳು. ಕೊನೆಗೆ ನಾನೇ ಎದ್ದು, ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ. ಇರಲಿಲ್ಲ. ದಿನಕ್ಕೆ ಹತ್ತು ಸಲ ಆ ಚಿತ್ರದ ಮುಂದೆ ಓಡಾಡುವ ನನಗೆ ಅದು ಯಾವಾಗ ಮಾಯವಾಯಿತೋ ಗೊತ್ತೇ ಆಗಿರಲಿಲ್ಲ.

ಆ ಚಿತ್ರ ಬರೆದವಳು ನನ್ನ ಮಗಳು. 1989ರಲ್ಲಿ ನಾನು ಮಾನ್ವಿ ಶಾಖೆಯಲ್ಲಿ ಕ್ಲರ್ಕು, ಆಕೆ ಏಳನೆಯ ಕ್ಲಾಸು. ಊರಿನಿಂದ ಬಂದಿದ್ದ ನಮ್ಮ ಅವ್ವನನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂಡಿಸಿ, ಅಲುಗಾಡಬೇಡ ಎಂದು ಹೆದರಿಸಿ, ಎರಡು ಮಧ್ಯಾಹ್ನ ಕೂತು ಬರೆದಳು. ಜಾತ್ರೆಯ ಅಂಗಡಿಯಿಂದ ತಂದ ಬಣ್ಣದ ಡಬ್ಬಿ ಅದು. ಅವ್ವ ಉಟ್ಟಿದ್ದು ಇಳಕಲ್ ಸೀರೆ, ದಾಳಿಂಬೆ ಹಣ್ಣಿನ ಕಾಳಿನಂಥ ಕಡುಗೆಂಪು. ಮೂಗು ಸ್ವಲ್ಪ ಸೊಟ್ಟಗೆ ಬಂದಿದ್ದರೂ ಸೀರೆ ಮಾತ್ರ ಥೇಟ್ ಅದೇ. 1992ರಲ್ಲಿ ರಾಯಚೂರಿಗೆ ವರ್ಗವಾದಾಗ ಅದಕ್ಕೆ ಕಟ್ಟು ಹಾಕಿಸಿ ಪಡುವಣ ಕಿಟಕಿಗೆ ಎದುರಾಗಿ ನೇತುಹಾಕಿದೆವು. ಎರಡು ವರ್ಷಕ್ಕೆ ಅವ್ವ ಹೋದಳು, ಅಪ್ಪನಿಗಿಂತ ಮೊದಲೇ. ಹೀಗಾಗಿ ಬರಿಹಣೆಯ ಅವ್ವನನ್ನು ನಾವು ಯಾರೂ ಕಂಡವರಲ್ಲ. ಕುಂಕುಮ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂದು ಹೆಂಗಸರನ್ನು ಬೇರೆ ಮಾಡುವುದು ತಪ್ಪು ಎಂದು ನನ್ನ ಮಗಳೇ ವಾದಿಸುತ್ತಾಳೆ, ನಾನೂ ಒಪ್ಪುತ್ತೇನೆ. ಆದರೂ ದಿನಾ ಬೆಳಗ್ಗೆ ಸಣ್ಣ ಕನ್ನಡಿ ಹಿಡಿದು ಆಕೆ ಇಟ್ಟುಕೊಳ್ಳುತ್ತಿದ್ದ ಆ ದೊಡ್ಡ ಬೊಟ್ಟು ನನ್ನ ಪಾಲಿಗೆ ಆಕೆಯ ಮುಖದ ಭಾಗ. ಅದಿಲ್ಲದ ಚಿತ್ರ ನಮ್ಮವ್ವನದಲ್ಲ ಅನ್ನಿಸಿತು.

ಚಿತ್ರವನ್ನು ಕೆಳಗಿಳಿಸಿ ಹಿಂದಿನ ಮೊಳೆ ಕಿತ್ತೆವು. ಒಳಗಿನ ಕಾಗದ ಹೊರಬಂದ ಕೂಡಲೇ ಮೊಮ್ಮಗಳು "ತಾತಾ!" ಎಂದು ಕೂಗಿದಳು. ಚಿತ್ರದ ಸುತ್ತ ಕಟ್ಟಿನವನು ಇಟ್ಟಿದ್ದ ದಪ್ಪ ರಟ್ಟಿನ ಚೌಕಟ್ಟಿನ ಕೆಳಗೆ, ಒಂದು ಬೆರಳಿನ ಅಗಲದಷ್ಟು ಸೀರೆ ಅಡಗಿತ್ತು. ಅದು ಇನ್ನೂ ಕಡುಗೆಂಪಾಗಿಯೇ ಇತ್ತು! ಅದಕ್ಕೆ ಅಂಟಿಕೊಂಡೇ ಇದ್ದ ಮಿಕ್ಕ ಸೀರೆ, ಹಳೆಯ ಗುಲಾಬಿ ಬಣ್ಣದ ಕ್ಯಾಲೆಂಡರು ಮಳೆಯಲ್ಲಿ ನೆನೆದಂತೆ, ಮಂಕಾಗಿತ್ತು. ನಡುವೆ ಸ್ಕೇಲು ಹಿಡಿದು ಎಳೆದಂಥ ಗೆರೆ. ಕಾಗದ ಒಂದೇ, ಬಣ್ಣ ಒಂದೇ, ವಯಸ್ಸು ಒಂದೇ. ಒಂದಕ್ಕೆ ಬೆಳಕು ತಾಗಿದೆ, ಇನ್ನೊಂದಕ್ಕಿಲ್ಲ.

ಬಿಸಿಲಿಗೆ ಬಣ್ಣ ಹಾರುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 80ರ ದಶಕದ ಮೊದಲಿಗೆ ನಾನು ದೇವದುರ್ಗದಲ್ಲಿದ್ದಾಗ ಬೆಳೆಸಾಲದ ಕೆಲಸಕ್ಕೆ ಹೊಲಗಳಿಗೆ ಹೋಗಬೇಕಾಗುತ್ತಿತ್ತು. ಕಣದಲ್ಲಿ ಮೆಣಸಿನಕಾಯಿ ಹರವಿರುತ್ತಿದ್ದರು. ಒಣಗಿದ ಮೇಲೂ ಬಿಸಿಲಿಗೇ ಬಿಟ್ಟರೆ ಕಾಯಿ ಬಿಳಿಚುತ್ತದೆ, ಬಣ್ಣ ಹೋದರೆ ರೇಟು ಹೋಯಿತು ಎಂದು ರೈತರು ಹೊತ್ತಿಗೆ ಸರಿಯಾಗಿ ರಾಶಿ ಮಾಡಿ ಮುಚ್ಚುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಬಿ.ಕಾಂ. ಓದಿದ ನನಗೆ ಹೊಳೆಯಲಿಲ್ಲ. ಕಿಟಕಿ ಎದುರಿಗೇ ಮೊಳೆ ಹೊಡೆದೆ. ಇನ್ನೊಂದು ಕಡೆ ನೋಡಿ: ಬ್ಯಾಂಕಿನ ಹಳೆ ಲೆಡ್ಜರುಗಳಲ್ಲಿ ನಾವು ಕೆಂಪು ಶಾಯಿಯಲ್ಲಿ ಬರೆದ ಸಾಲುಗಳು ಹತ್ತಾರು ವರ್ಷದ ಮೇಲೆ ತೆರೆದರೂ ಕೆಂಪಗೇ ಇರುತ್ತಿದ್ದವು. ಕೆಂಪು ಶಾಯಿಗೆ ಬಹುಕಾಲ ಬಳಸಿದ ಇಯೋಸಿನ್ ಎಂಬ ಬಣ್ಣ ಬೆಳಕಿಗೆ ತೀರ ದುರ್ಬಲ. ಆದರೆ ಲೆಡ್ಜರು ಮುಚ್ಚಿಯೇ ಇರುತ್ತದಲ್ಲ! ಇದೇ ಇಯೋಸಿನ್ನಿನಿಂದ ಮಾಡಿದ ಕೆಂಪನ್ನು ಬಳಸಿದ ವ್ಯಾನ್ ಗೋಗೆ ಆ ಅದೃಷ್ಟ ಇರಲಿಲ್ಲ. 1888ರಲ್ಲಿ ಆತ ಬರೆದ ತನ್ನ ಮಲಗುವ ಕೋಣೆಯ ಚಿತ್ರದ ಗೋಡೆಗಳು ಮೊದಲು ನೇರಳೆ ಬಣ್ಣದ್ದಾಗಿದ್ದವು. ಅದರೊಳಗಿನ ಕೆಂಪು ಹಾರಿ ಈಗ ಉಳಿದಿರುವುದು ನೀಲಿ.

"ಹಂಗಾರ ನಾ ಹೊಸಾದು ಬರೀತೀನಿ" ಅಂದಳು ಮೊಮ್ಮಗಳು. ಅವ್ವನ ಚಿತ್ರ, ಅದೇ ಸೀರೆ, ಅದೇ ಕುಂಕುಮ. ಸರಿ, ಆದರೆ ಈ ಸಲ ಹಾರದ ಕೆಂಪು ಬೇಕು. ಮಾದರಿಗೆ ಆ ಬೆರಳಗಲದ ಪಟ್ಟಿ ಇತ್ತು. ಬಣ್ಣ ಹುಡುಕಲು ಹೊರಟೆವು.

ಇಲ್ಲಿಂದ ನನ್ನ ಪೇಚಾಟ ಶುರು. ರಾಯಚೂರಿನ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ್ದು ಎರಡು ಬಗೆ. ಮಿಕ್ಕವನ್ನು ಅಳಿಯ ಬೆಂಗಳೂರಿನಿಂದ ತಂದುಕೊಟ್ಟ. ಒಂದರ ಮೇಲೆ ಕ್ರಿಮ್ಸನ್ ಲೇಕ್, ಇನ್ನೊಂದರ ಮೇಲೆ ಅಲಿಝರಿನ್ ಕ್ರಿಮ್ಸನ್, ಮತ್ತೊಂದರ ಮೇಲೆ ಪರ್ಮನೆಂಟ್ ಅಲಿಝರಿನ್ ಕ್ರಿಮ್ಸನ್, ಇನ್ನೂ ಒಂದರ ಮೇಲೆ ಮ್ಯಾಡರ್ ಲೇಕ್ ಡೀಪ್. ಟ್ಯೂಬಿನಲ್ಲಿ ನೋಡಿದರೆ ಎಲ್ಲವೂ ಕಪ್ಪಿಗೆ ತಿರುಗಿದ ಕೆಂಪು. ಬೆಲೆ ಮಾತ್ರ ಅಜಗಜಾಂತರ. ಒಂದು ಪುಟ್ಟ ಟ್ಯೂಬಿನ ಬೆಲೆಗೆ ಮಕ್ಕಳ ಡಬ್ಬಿ ಎಷ್ಟೋ ಬರುತ್ತವೆ. ಹೆಸರು ಒಂದೇ ಇದ್ದಮೇಲೆ ಅಷ್ಟು ದುಡ್ಡು ಯಾಕೆ ಕೊಡಬೇಕು ಎಂದು ನನ್ನ ಗೊಣಗಾಟ.

ಆಗ ಮೊಮ್ಮಗಳು ಟ್ಯೂಬಿನ ಬೆನ್ನಿಗೆ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಅಕ್ಷರ ತೋರಿಸಿದಳು: ಪಿ.ಆರ್. 83. ಇನ್ನೊಂದರ ಮೇಲೆ ಪಿ.ಆರ್. 206. "ಇದೇನು?" ಎಂದಳು. ಬಣ್ಣದ ಪುಡಿಗಳಿಗೆ ಲೋಕವೆಲ್ಲ ಒಪ್ಪಿದ ಒಂದು ಪಟ್ಟಿ ಇದೆ. ಪಿ.ಆರ್. ಎಂದರೆ ಪಿಗ್ಮೆಂಟ್ ರೆಡ್, ಕೆಂಪು ಬಣ್ಣದ ಪುಡಿ. ಮುಂದಿನದು ಆ ಪುಡಿಯ ನಂಬರು. ಹಳದಿಗೆ ಪಿ.ವೈ., ನೀಲಿಗೆ ಪಿ.ಬಿ., ನೇರಳೆಗೆ ಪಿ.ವಿ. ಹೆಸರನ್ನು ಕಂಪನಿ ತನಗೆ ಬೇಕಾದಂತೆ ಇಡಬಹುದು, ನಂಬರನ್ನು ಹಾಗೆ ಬದಲಿಸುವಂತಿಲ್ಲ.

ಇದು ತಿಳಿದ ಕ್ಷಣ ನನಗೆ ನಗು ಬಂತು. ಮಾನ್ವಿ ಶಾಖೆಯಲ್ಲಿ ಒಂದೇ ಹಳ್ಳಿಯ ಮೂವರು ಹನುಮಂತಪ್ಪಗಳ ಉಳಿತಾಯ ಖಾತೆ ಇದ್ದವು, ಅದರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬನ ಮುನ್ನೂರು ರೂಪಾಯಿಯನ್ನು ಇನ್ನೊಬ್ಬನಿಗೆ ಜಮಾ ಮಾಡಿ, ಸಂಜೆ ಏಳರವರೆಗೆ ಹುಡುಕಿ, ಮೇಲಿನವರಿಂದ ಸರಿಯಾಗಿ ಬೈಸಿಕೊಂಡಿದ್ದೆ. "ಹೆಸರು ನೋಡಬ್ಯಾಡ್ರಿ, ಖಾತೆ ನಂಬರು ನೋಡ್ರಿ" ಎಂದು ಅವರು ಹೇಳಿದ್ದು ಬಣ್ಣದ ಟ್ಯೂಬಿಗೂ ಸಲ್ಲುತ್ತದೆ ಎಂದು ತಿಳಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ಹಾಗೆ ನಂಬರು ಹಿಡಿದು ನೋಡಿದರೆ ಚಿತ್ರವೇ ಬೇರೆ. ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಅಲಿಝರಿನ್ ಕ್ರಿಮ್ಸನ್ ಒಳಗಿರುವುದು 83. ಅಮೆರಿಕದ ಡೇನಿಯಲ್ ಸ್ಮಿತ್ ಅದೇ ಹೆಸರಲ್ಲಿ ಮಾರುವುದರಲ್ಲೂ 83. ಇಲ್ಲಿ ಕಂಪನಿ ಎರಡು, ಬಣ್ಣ ಒಂದೇ. ಆದರೆ ಇಬ್ಬರೂ ಪರ್ಮನೆಂಟ್ ಅಲಿಝರಿನ್ ಕ್ರಿಮ್ಸನ್ ಎಂದು ಇನ್ನೊಂದನ್ನು ಮಾರುತ್ತಾರೆ. ವಿನ್ಸರ್‌ನವರದು 206, ಒಂದೇ ಪುಡಿ. ಡೇನಿಯಲ್ ಸ್ಮಿತ್‌ನವರದು ಮೂರು ಪುಡಿಗಳ ಮಿಶ್ರಣ: ಪಿ.ಆರ್. 177, ಪಿ.ವಿ. 19, ಪಿ.ಆರ್. 149. ಒಂದೇ ಹೆಸರು, ಒಳಗೆ ಒಂದು ನಂಬರೂ ತಾಳೆಯಿಲ್ಲ. ಹಾಲೆಂಡಿನ ಟ್ಯಾಲೆನ್ಸ್ ಕಂಪನಿಯ ವ್ಯಾನ್ ಗೋ ಹೆಸರಿನ ಟ್ಯೂಬುಗಳಲ್ಲಿ ಮ್ಯಾಡರ್ ಲೇಕ್ ಡೀಪ್ ಎಂದರೆ 264. ಮ್ಯಾಡರ್ ಗಿಡಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಮಕ್ಕಳ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ನಂಬರೇ ಇರುವುದಿಲ್ಲ. ಅದನ್ನು ತಪ್ಪೆಂದು ನಾನು ಹೇಳಲಾರೆ. ಕೈ ತಿದ್ದಲು ಬೇಕಾದ ಬಣ್ಣ ಅಗ್ಗವಾಗಿಯೇ ಇರಬೇಕು. ದಾಂಡೇಕರರು 1931ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಕ್ಯಾಮ್ಲಿನ್‌ನವರ ಒಂಟೆ ಗುರುತಿನ ಡಬ್ಬಿ ಇಲ್ಲದಿದ್ದರೆ ನಮ್ಮ ಕಾಲದ ಎಷ್ಟು ಮಕ್ಕಳು ಕುಂಚ ಹಿಡಿಯುತ್ತಿದ್ದರು?

ಮಾತು ಹೆಸರಿನದೇ ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಲೇಕ್ ಎಂದರೆ ಇಲ್ಲಿ ಸರೋವರವಲ್ಲ. ಅರಗಿನ ಹುಳದಿಂದ ತೆಗೆಯುವ ಕೆಂಪು ನಮ್ಮ ಲಾಕ್ಷಾ, ಅದೇ ದೇಶ ಸುತ್ತಿ ಲೇಕ್ ಆಯಿತು. ಕ್ರಿಮ್ಸನ್ ಕೂಡ ಹುಳದ ಹೆಸರೇ. ಅರಬ್ಬಿಯ ಕಿರ್ಮಿಜ್‌ನಿಂದ ಬಂದದ್ದು, ಸಂಸ್ಕೃತದ ಕೃಮಿಗೆ ನೆಂಟ. ನಮ್ಮ ಹಿರಿಯರು ಕಿರಮಂಜಿ ಬಣ್ಣ ಎನ್ನುತ್ತಿದ್ದುದೂ ಇದನ್ನೇ. ಅಲಿಝರಿನ್ ಮಾತ್ರ ಬೇರಿನದು. ಯುರೋಪಿನ ಮ್ಯಾಡರ್ ಎಂಬ ಗಿಡದ ಬೇರಿನಲ್ಲಿರುವ ಕೆಂಪು ಅದು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ ಮಂಜಿಷ್ಠ ಅದೇ ಕುಲದ ಬಳ್ಳಿ. 1868ರಲ್ಲಿ ಗ್ರೇಬ ಮತ್ತು ಲೀಬರ್‌ಮನ್ ಎಂಬ ಇಬ್ಬರು ಜರ್ಮನ್ನರು ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಗಿಡದ ಬಣ್ಣವೊಂದನ್ನು ಮನುಷ್ಯ ತಾನೇ ಮಾಡಿದ್ದು ಅದೇ ಮೊದಲು. ಮ್ಯಾಡರ್ ಬೆಳೆಯುತ್ತಿದ್ದ ರೈತರ ಬಾಳು ಕೆಲವೇ ವರ್ಷಗಳಲ್ಲಿ ಕುಸಿಯಿತು.

ಅಂಥ ಅಲಿಝರಿನ್ನಿಗೆ ಒಂದು ದೋಷ. ದಪ್ಪಗೆ ಬಳಿದರೆ ಬಹಳ ಕಾಲ ತಾಳುತ್ತದೆ, ನೀರು ಬೆರೆಸಿ ತೆಳುವಾಗಿಸಿದರೆ ಬೆಳಕಿಗೆ ಹಾರುತ್ತದೆ. ಜಲವರ್ಣದ ಚಂದವೇ ತೆಳುವಿನಲ್ಲಿ ಇರುವುದು, ಹಾಗಾಗಿ ತೊಂದರೆಯೂ ಅಲ್ಲೇ. ಇದನ್ನು ಕಂಪನಿಗಳೇನೂ ಮುಚ್ಚಿಟ್ಟಿಲ್ಲ. ವಿನ್ಸರ್‌ನವರೇ ತಮ್ಮ ಪಟ್ಟಿಯಲ್ಲಿ ಅಲಿಝರಿನ್ನಿಗೆ ಬಿ ದರ್ಜೆ ಕೊಟ್ಟು, ಪರ್ಮನೆಂಟ್ ಎಂಬುದಕ್ಕೆ ಎ ಕೊಟ್ಟಿದ್ದಾರೆ. ಆ ಕಂಪನಿ 1832ರಷ್ಟು ಹಳೆಯದು. ಹಾರುವ ಬಣ್ಣಗಳನ್ನೇ ಕೊಂಡೊಯ್ಯುತ್ತಿದ್ದ ಹೆಸರಾಂತ ಚಿತ್ರಕಾರ ಟರ್ನರ್‌ಗೆ ವಿನ್ಸರ್ ಬುದ್ಧಿ ಹೇಳಲು ಹೋಗಿ, ಬಣ್ಣ ಮಾಡುವುದು ನಿನ್ನ ಕೆಲಸ, ಬಳಸುವುದು ನನ್ನದು ಎಂಬರ್ಥದ ಉತ್ತರ ಕೇಳಿಸಿಕೊಂಡ ಎಂದು ಕಥೆಯಿದೆ.

ಓದಿದ್ದನ್ನೆಲ್ಲ ನಂಬುವ ಸ್ವಭಾವ ನನ್ನದಲ್ಲ, ಚೆಕ್ ಮಾಡಬೇಕು. ದಪ್ಪ ಡ್ರಾಯಿಂಗ್ ಹಾಳೆಯನ್ನು ಐದು ಪಟ್ಟಿ ಕತ್ತರಿಸಿದೆವು. ಪ್ರತಿಯೊಂದರ ಮೇಲೂ ಒಂದು ತುದಿಯಲ್ಲಿ ಗಟ್ಟಿ ಬಣ್ಣ, ಇನ್ನೊಂದು ತುದಿಗೆ ಹೋಗುತ್ತ ನೀರಾದ ಬಣ್ಣ. ಪಟ್ಟಿಯ ಅರ್ಧ ಭಾಗವನ್ನು ಉದ್ದಕ್ಕೆ ಕರಿ ರಟ್ಟಿನಿಂದ ಮುಚ್ಚಿ, ಅದೇ ಪಡುವಣ ಕಿಟಕಿಯ ಗಾಜಿಗೆ ಅಂಟಿಸಿದೆವು. 1888ರಲ್ಲಿ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಬ್ರಿಟಿಷ್ ಸರ್ಕಾರಕ್ಕಾಗಿ ಇಂಥದೇ ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದರು. ಅವರಿಗೆ ಸಿಕ್ಕಿದ್ದು ಲಂಡನ್ನಿನ ಬಿಸಿಲು, ಪಾಪ! ನಮ್ಮದು ರಾಯಚೂರಿನ ಏಪ್ರಿಲ್, ಮೇ. ಹಳೆಯ ರಿಜಿಸ್ಟರು ತೆಗೆದು ಗೆರೆ ಹಾಕಿ, ತಾರೀಖು, ಪಟ್ಟಿ ಸಂಖ್ಯೆ, ಷರಾ ಎಂದು ಕಾಲಂ ಮಾಡಿದೆ. ಮೊಮ್ಮಗಳು ಬರೆಯುವುದು, ನಾನು ಇನಿಷಿಯಲ್ ಹಾಕುವುದು. ಯಾವ ಪಟ್ಟಿ ಯಾವ ಕಂಪನಿಯದು ಎಂದು ಮಾತ್ರ ಕೇಳಬೇಡಿ. ಖಾತೆದಾರರ ಹೆಸರು ಹೊರಗೆ ಹೇಳದಿರುವುದು ಮೂವತ್ತೆಂಟು ವರ್ಷದ ಅಭ್ಯಾಸ. ನಂಬರು ಹೇಳುತ್ತೇನೆ.

ಪಟ್ಟಿ 1, ಮಕ್ಕಳ ಡಬ್ಬಿಯ ಕೆಂಪು: ಒಂಬತ್ತನೆಯ ದಿನವೇ ತೆಳು ತುದಿ ಬಿಳಿಚಿತು. 2, ನಂಬರಿಲ್ಲದ ಕ್ರಿಮ್ಸನ್ ಲೇಕ್: ಮೂರು ವಾರಕ್ಕೆ ಗುಲಾಬಿಯಾಯಿತು. 3, ಅಂದರೆ ಪಿ.ಆರ್. 83: ಮೇ ಕೊನೆಯವರೆಗೆ ಗಟ್ಟಿಯಾಗಿ ನಿಂತಿತು. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು, ಯಾಕೆಂದರೆ ಐದರಲ್ಲಿ ಅವ್ವನ ಸೀರೆಗೆ ಎಲ್ಲಕ್ಕಿಂತ ಹತ್ತಿರವಾದ, ಒಳಗಿನಿಂದ ಬೆಳಗುವಂಥ ಕೆಂಪು ಅದೇ. ನಾಗರಪಂಚಮಿಗೆ ರಟ್ಟು ಸರಿಸಿ ನೋಡಿದರೆ ತೆಳು ತುದಿಯಲ್ಲಿ ಅದೇ ಗೆರೆ. ಗಟ್ಟಿ ತುದಿಗೆ ಏನೂ ಆಗಿರಲಿಲ್ಲ. 4, ಪಿ.ಆರ್. 206, ಮತ್ತು 5, ಪಿ.ಆರ್. 264: ಇವೆರಡರಲ್ಲಿ ಮುಚ್ಚಿದ್ದಕ್ಕೂ ಬಿಟ್ಟಿದ್ದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಮೊಮ್ಮಗಳಿಗೆ ಫೋಟೋ ಕಳಿಸಿದೆ, ಆಕೆಯ ಕಣ್ಣಿಗೂ ಕಾಣಲಿಲ್ಲ.

ಹಾಗೆಂದು 206 ಹಾಗೆಯೇ ಸೀರೆಗೆ ಹೊಂದಲಿಲ್ಲ. ಅದು ಸ್ವಲ್ಪ ಕಂದು, ಒಣಗಿದ ಮೇಲಂತೂ ಹಳೆ ಇಟ್ಟಿಗೆಯ ನೆರಳು ಬರುತ್ತದೆ. 264 ಬಲು ಜೋರು, ಕುಂಚದ ತುದಿಗೆ ತಾಗಿದರೂ ಕಾಗದವೆಲ್ಲ ಅದರದೇ. ಕೊನೆಗೆ 206ಕ್ಕೆ ಗುಲಾಬಿಯಂಥ ಪಿ.ವಿ. 19 ಸ್ವಲ್ಪ ಸೇರಿಸಿ, ಒಣಗಲು ಬಿಟ್ಟು, ಬೆರಳಗಲದ ಪಟ್ಟಿಯ ಪಕ್ಕ ಹಿಡಿದು, ಮತ್ತೆ ಸೇರಿಸಿ, ಹನ್ನೊಂದನೆಯ ಸಲಕ್ಕೆ ದಾಳಿಂಬೆ ಸಿಕ್ಕಿತು. ಈ ಒಣಗುವವರೆಗೆ ಕಾಯುವುದನ್ನು ಮಕ್ಕಳು ಮರೆಯಬಾರದು. ಹಸಿ ಇದ್ದಾಗ ಎಲ್ಲ ಬಣ್ಣವೂ ಚೆಲುವೆಯೇ.

ಲೆಕ್ಕ ಮುಗಿಯಿತು ಎಂದುಕೊಂಡೆ. ಆದರೆ ತಾಳೆ ಬೀಳದ ಒಂದು ಬಾಕಿ ನನ್ನ ನಿದ್ದೆ ಕೆಡಿಸಿತು. ಚಿತ್ರದಲ್ಲಿ ಸೀರೆಯ ಕೆಂಪು ಹಾರಿದ್ದರೂ ಮಂಕಾದ ಗುಲಾಬಿಯಾಗಿ ಉಳಿದಿತ್ತಲ್ಲ, ಕುಂಕುಮ ಮಾತ್ರ ಗುರುತೂ ಇಲ್ಲದಂತೆ ಹೇಗೆ ಹೋಯಿತು? ಅದೂ ಅದೇ ಡಬ್ಬಿಯ ಅದೇ ಕೆಂಪು, ಸೀರೆಗಿಂತ ದಪ್ಪಗೆ ಇಟ್ಟಿರಬೇಕು. ದಪ್ಪಗಿದ್ದದ್ದು ಮೊದಲು ಹಾರುವುದುಂಟೆ? ಮೊಮ್ಮಗಳು ಇನ್ನೂ ಇಲ್ಲೇ ಇದ್ದಳು. ಇಬ್ಬರೂ ಕೂತು ಮಗಳಿಗೆ ಫೋನ್ ಮಾಡಿದೆವು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಆಕೆ ಹೇಳಿದಳು: "ಅಪ್ಪ, ಅದು ಬಣ್ಣ ಅಲ್ಲ. ನಾ ಬರೆದು ಮುಗಿಸಿ ತೋರಿಸಿದಾಗ ಅಮ್ಮ ನೋಡಿ, ಎಲ್ಲಾ ಸರಿ ಅದ, ಕುಂಕುಮ ಸಣ್ಣದಾತು ಅಂದ್ಲು. ತನ್ನ ಭರಣಿಯಾಗ ಬೆರಳು ಅದ್ದಿ ತಾನೇ ಹಚ್ಚಿದ್ಲು. ನಿನಗ ಹೇಳಿರಲಿಲ್ಲೇನು?"

ಹೇಳಿರಲಿಲ್ಲ. ಅಥವಾ ಹೇಳಿದ್ದಾಗ ನಾನು ಪೇಪರ್ ಓದುತ್ತಿದ್ದಿರಬೇಕು.

ಅವ್ವ ಅಂಗಡಿ ಕುಂಕುಮ ಇಟ್ಟುಕೊಳ್ಳುತ್ತಿರಲಿಲ್ಲ. ಅರಿಸಿನಕ್ಕೆ ನಿಂಬೆರಸ, ಬಿಳಿಗಾರ ಹಾಕಿ ಮನೆಯಲ್ಲೇ ಮಾಡುತ್ತಿದ್ದಳು. ಅರಿಸಿನ ಬೆಳಕಿಗೆ ನಿಲ್ಲುವುದಿಲ್ಲ ಎಂಬುದಕ್ಕೆ ಪ್ರಯೋಗ ಬೇಕಿಲ್ಲ, ಬಿಳಿ ಪಂಚೆಗೆ ಬಿದ್ದ ಸಾರಿನ ಕಲೆ ಒಗೆದರೆ ಹೋಗದೆ ಬಿಸಿಲಿಗೆ ಹಾಕಿದರೆ ಹೋಗುವುದನ್ನು ಎಲ್ಲ ಮನೆಯಲ್ಲೂ ಕಂಡಿದ್ದೇವೆ. ಆದರೂ ರಿಜಿಸ್ಟರಿನಲ್ಲಿ ಜಾಗ ಇತ್ತು. ನಮ್ಮ ಮನೆಯಾಕೆ ಅತ್ತೆಯಿಂದ ಕಲಿತ ಹಾಗೆಯೇ ಒಂದು ಚಿಟಿಕೆ ಕುಂಕುಮ ಮಾಡಿಕೊಟ್ಟಳು. ಪಟ್ಟಿ 6. ಮೂರನೆಯ ದಿನದ ಷರಾ ಮೊಮ್ಮಗಳ ಅಕ್ಷರದಲ್ಲಿದೆ: ಅರ್ಧ ಹೋಗಿದೆ.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಯಾರೋ ಬರೆದ ಕೆಮ್ಮಣ್ಣಿನ ಚಿತ್ರಗಳಿವೆ. ಕೆಮ್ಮಣ್ಣು ಎಂದರೆ ಕಬ್ಬಿಣದ ತುಕ್ಕಿನ ಕುಲ, ಬಿಸಿಲು ಅದಕ್ಕೆ ಏನೂ ಮಾಡಲಾರದು. ಹಾಗಾದರೆ ಕುಂಕುಮಕ್ಕೂ ಕೆಮ್ಮಣ್ಣೇ ಹಚ್ಚೋಣ ಎಂದು ನಾನು ಸೂಚಿಸಿದೆ. "ಅದು ಮುತ್ತಜ್ಜಿ ಕುಂಕುಮ ಅಲ್ಲ, ಇಟ್ಟಂಗಿ" ಎಂದು ಮೊಮ್ಮಗಳು ತಳ್ಳಿಹಾಕಿದಳು. 206 ಹಚ್ಚಬೇಕೋ, ಬೇರೆ ಏನಾದರೂ ಬೆರೆಸಬೇಕೋ ಎಂದು ತಾತ ಮೊಮ್ಮಗಳು ಚರ್ಚೆ ಮಾಡುತ್ತಿರುವಾಗ, ಅಡುಗೆಮನೆಯಿಂದ ಭರಣಿ ಹಿಡಿದು ಬಂದ ಮನೆಯಾಕೆ ಮೇಜಿನ ಮೇಲಿದ್ದ ಹಳೆಯ ಚಿತ್ರದ ಗಾಜಿನ ಮೇಲೆ, ಅವ್ವನ ಹಣೆಗೆ ಸರಿಯಾಗಿ, ಬೆರಳಿನಿಂದ ಬೊಟ್ಟು ಇಟ್ಟು ಹೋದಳು. ದೇವರ ಪಟಗಳಿಗೆ ದಿನಾ ಇಡುವ ಹಾಗೆ.

ಹೊಸ ಚಿತ್ರವೂ ಈಗ ಪಡಸಾಲೆಯಲ್ಲಿದೆ. ಅದರ ಸೀರೆ ಹನ್ನೊಂದನೆಯ ಸಲದ ಕೆಂಪು. ಹಣೆ ಖಾಲಿ ಬಿಡಿಸಿಕೊಂಡಿದ್ದೇವೆ, ಗಾಜಿನ ಮೇಲಿನ ಬೊಟ್ಟು ಅದಕ್ಕೂ ಸಲ್ಲುತ್ತದೆ, ಶುಕ್ರವಾರಕ್ಕೊಮ್ಮೆ ಒರೆಸಿ ಹೊಸದು. ಹಳೆಯದಕ್ಕೆ ರಟ್ಟನ್ನು ಸ್ವಲ್ಪ ಅಗಲವಾಗಿ ಕೊಯ್ಸಿ, ಆ ಬೆರಳಗಲದ ಕಡುಗೆಂಪೂ ಕಾಣುವಂತೆ ಮಾಡಿಸಿ, ಬಿಸಿಲು ಬಾರದ ಒಳನಡುಮನೆಯ ಗೋಡೆಗೆ ಹಾಕಿದ್ದೇನೆ. ಪಡುವಣ ಕಿಟಕಿಯ ಎದುರಿನ ಮೊಳೆ ಕಿತ್ತಾಯಿತು. 4 ಮತ್ತು 5ರ ಪಟ್ಟಿಗಳು ಮಾತ್ರ ಇನ್ನೂ ಗಾಜಿಗೆ ಅಂಟಿಕೊಂಡೇ ಇವೆ. ಮುಂದಿನ ಏಪ್ರಿಲ್‌ನಲ್ಲಿ ಮೊಮ್ಮಗಳು ಬಂದಾಗ ರಟ್ಟು ತೆಗೆದು ನೋಡಬೇಕು.